ಡಿಸೆಂಬರ್ ಬಂತು, ಬಾತುಕೋಳಿ ಮೊಟ್ಟೆ ನಿಂತಿತು. ಗೂಡಿಗೆ ಬಲ್ಬ್ ಹಾಕಬೇಕಾ?

ಕಳಸದ_ಹಿತ್ತಲು

ಎಲ್ಲರಿಗೂ ನಮಸ್ಕಾರ. ನಮ್ಮದು ಕಳಸದ ಹತ್ತಿರ ಸಣ್ಣ ತೋಟ, ಸ್ವಲ್ಪ ಗದ್ದೆ. ಮನೆ ಹಿಂದೆ ಹತ್ತು ಹೆಣ್ಣು ಬಾತು, ಎರಡು ಗಂಡು ಇವೆ. ಅರ್ಧ ಮೊಟ್ಟೆ ತಳಿಯಾದ ಖಾಕಿ ಕ್ಯಾಂಪ್‌ಬೆಲ್, ಉಳಿದದ್ದು ನಾಟಿ. ದೀಪಾವಳಿವರೆಗೆ ದಿನಾ ಆರೇಳು ಮೊಟ್ಟೆಗೆ ಮೋಸ ಇರಲಿಲ್ಲ. ಈಗ ಒಂದು ಸಿಕ್ಕರೆ ಅದೇ ಪುಣ್ಯ.

ಮಾವನವರನ್ನು ಕೇಳಿದರೆ ‘ಚಳಿಗೆ ಅವು ಇಡಲ್ಲ, ಸಂಕ್ರಾಂತಿ ಕಳೀಲಿ ಬಿಡು’ ಅನ್ನುತ್ತಾರೆ. ಪಕ್ಕದ ತೋಟದವರು ಗೂಡಿಗೆ ಬಲ್ಬ್ ಹಾಕಿ ಅನ್ನುತ್ತಾರೆ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ಸೀದಾ ಗದ್ದೆಗೆ ಹೋಗುತ್ತವೆ. ಸಂಜೆ ಬಂದಾಗ ತೌಡು, ನುಚ್ಚಿನ ಗಂಜಿ, ಉಳಿದ ಅನ್ನ ಕೊಡುತ್ತೇವೆ. ಮೊದಲಿಂದಲೂ ಇಷ್ಟೇ. ಊಟ ಬದಲಾಗಿಲ್ಲ, ಗೂಡು ಬದಲಾಗಿಲ್ಲ. ಬೆಳಿಗ್ಗೆ ಮಂಜು ಮಾತ್ರ ಒಂಬತ್ತಾದರೂ ಬಿಡುವುದಿಲ್ಲ. ನಿಜಕ್ಕೂ ಚಳಿಯಾ, ಬೆಳಕಾ, ಇನ್ನೇನಾದರೂ ಇದೆಯಾ?

ತೀರ್ಥಹಳ್ಳಿ_ಗದ್ದೆಮನೆ

ಮೇಡಂ, ಬಲ್ಬಿನ ಮಾತು ಆಮೇಲೆ. ಅವು ಇಡುವುದು ನಿಂತಿದೆಯೋ, ನಿಮ್ಮ ಕೈಗೆ ಸಿಗುವುದು ನಿಂತಿದೆಯೋ, ಅದನ್ನು ಮೊದಲು ನೋಡಿ.

ಬಾತು ಇಡುವುದು ಬೆಳಗಿನ ಜಾವದಿಂದ ಒಂಬತ್ತು ಗಂಟೆಯೊಳಗೆ. ಹೇಂಟೆಯ ಹಾಗೆ ಇಟ್ಟ ಮೇಲೆ ಊರಿಗೆಲ್ಲ ಕೂಗಿ ಹೇಳುವ ಅಭ್ಯಾಸ ಅದಕ್ಕಿಲ್ಲ. ನೀವು ಆರಕ್ಕೇ ಬಾಗಿಲು ತೆಗೆದರೆ ಇನ್ನೂ ಇಡದೇ ಇರುವವು ಹಾಗೇ ಹೊರಗೆ ಹೋಗುತ್ತವೆ. ಮಳೆಗಾಲದಲ್ಲಿ ಹೊರಗೆಲ್ಲ ಕೆಸರು, ಒಣ ಜಾಗ ಅಂದರೆ ಗೂಡೊಂದೇ. ಹಾಗಾಗಿ ಅಲ್ಲೇ ಇಟ್ಟು ಹೊರಡುತ್ತಿದ್ದವು. ಈಗ ನೋಡಿ, ಬದು ಒಣಗಿದೆ, ತರಗೆಲೆ ಬಿದ್ದಿದೆ, ಹುಲ್ಲಿನ ಕುತ್ತರಿ ಬಂದಿದೆ. ಇಡಲು ಎಲ್ಲಿ ಬೇಕಾದರೂ ಜಾಗ.

ಕುತ್ತರಿಯ ಬುಡ, ಏಲಕ್ಕಿ ಹಿಂಡಿನ ಒಳಗೆ, ಬಾಳೆಯ ಒಣ ಎಲೆ ಜೋತುಬಿದ್ದಿರುವ ಕಡೆ, ಸೌದೆ ಪೇರಿಸಿದ ಜಾಗದ ಹಿಂದೆ ಹುಡುಕಿ. ಕಣ್ಣಿನಿಂದ ನೋಡಿದರೆ ಸಾಲದು. ಎದೆಯಿಂದ ಒತ್ತಿ ಒತ್ತಿ ಒಂದು ಗುಳಿ ಮಾಡಿಕೊಳ್ಳುತ್ತವೆ, ಎದ್ದು ಹೋಗುವಾಗ ಸುತ್ತಲಿನ ತರಗನ್ನು ಕೊಕ್ಕಿನಿಂದ ಎಳೆದು ಮೊಟ್ಟೆ ಮೇಲೆ ಮುಚ್ಚುತ್ತವೆ. ಪಕ್ಕದಲ್ಲೇ ನಿಂತಿದ್ದರೂ ಕಾಣುವುದಿಲ್ಲ. ಕೈ ಹಾಕಿ ತಡಕಬೇಕು. ಕೋಲಿನಿಂದ ಒಮ್ಮೆ ಬಡಿದು ಆಮೇಲೆ ಕೈ ಹಾಕಿ, ಹಾವಿನ ಜಾಗ.

ಇನ್ನು ಒಂದು ವಾರ ಒಂಬತ್ತೂವರೆವರೆಗೆ ಬಾಗಿಲು ತೆಗೆಯಬೇಡಿ. ಗಲಾಟೆ ಮಾಡುತ್ತವೆ, ಮಾಡಲಿ. ಒಳಗೆ ನೀರು ಇರಲಿ. ಮೂಲೆಯಲ್ಲಿ ಭತ್ತದ ಹೊಟ್ಟು ದಪ್ಪಗೆ ಹಾಕಿ, ಅದರ ಮೇಲೆ ಒಂದು ಕೋಳಿ ಮೊಟ್ಟೆ ಇಟ್ಟಿರಿ. ಅದನ್ನು ನೋಡಿ ಅಲ್ಲೇ ಇಡುತ್ತವೆ.

ಇನ್ನೂ ಒಂದು ಪರೀಕ್ಷೆ ಉಂಟು. ರಾತ್ರಿ ಒಂದೊಂದನ್ನೇ ಹಿಡಿದು, ಮೊಟ್ಟೆ ಬರುವ ಜಾಗದ ಕೆಳಗೆ ಎರಡು ಕಡೆಯ ಸಣ್ಣ ಮೂಳೆಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ಎರಡು ಮೂರು ಬೆರಳು ಅಗಲ ಇದ್ದರೆ ಅದು ಇಡುತ್ತಿದೆ, ನಿಮಗೆ ಸಿಗುತ್ತಿಲ್ಲ. ಒಂದು ಬೆರಳೂ ಹಿಡಿಯದಷ್ಟು ಬಿಗಿಯಾಗಿದ್ದರೆ ನಿಜವಾಗಿ ನಿಂತಿದೆ.

ಮೈಸೂರು_ಹೊರವಲಯ

ಇಷ್ಟೆಲ್ಲ ಯಾಕೆ? ಬಲ್ಬ್ ಹಾಕಿ ಸಾಕು. ಮೊಟ್ಟೆಗೆ 14ರಿಂದ 16 ಗಂಟೆ ಬೆಳಕು ಬೇಕು ಅಂತ ಎಲ್ಲ ಕಡೆ ಇದೆ. ನಮ್ಮ ಮನೆಯಲ್ಲಿ ಎಲ್‌ಇಡಿ ಹಾಕಿದ್ದೇವೆ, ಜನವರಿಯಲ್ಲೂ ಮೊಟ್ಟೆ ಸಿಗುತ್ತದೆ.

ನ್ಯೂಹ್ಯಾಂಪ್‌ಶೈರ್_ಹಾಸನದವ

ಆ 14ರಿಂದ 16 ಗಂಟೆಯ ಲೆಕ್ಕ ನಮ್ಮಂಥ ಜಾಗಕ್ಕೆ ಬರೆದದ್ದು ಸರ್. ಅಮೆರಿಕದಲ್ಲಿ ನಾನಿರುವ ಕಡೆ ಡಿಸೆಂಬರ್ ಕೊನೆಗೆ ಹಗಲು ಸುಮಾರು 9 ಗಂಟೆ, ಜೂನಿನಲ್ಲಿ 15 ಗಂಟೆ ದಾಟುತ್ತದೆ. ಆರು ಗಂಟೆಗೂ ಜಾಸ್ತಿ ವ್ಯತ್ಯಾಸ. ಬೆಂಗಳೂರಿನಲ್ಲಿ ಅತಿ ಚಿಕ್ಕ ಹಗಲು 11 ಗಂಟೆ 20 ನಿಮಿಷದ ಆಸುಪಾಸು, ಅತಿ ದೊಡ್ಡದು 13 ಗಂಟೆಗೆ ಸ್ವಲ್ಪ ಕಡಿಮೆ. ಹೆಚ್ಚುಕಡಿಮೆ ಒಂದೂವರೆ ಗಂಟೆ ವ್ಯತ್ಯಾಸ ಅಷ್ಟೇ. ಇಲ್ಲಿ ಬೆಳಕು ಕೊಡದಿದ್ದರೆ ಹಳೆ ಬಾತುಗಳು ನವೆಂಬರಿನಲ್ಲಿ ಅಂಗಡಿ ಮುಚ್ಚಿದರೆ ಫೆಬ್ರವರಿ ಕೊನೆಗೇ ತೆಗೆಯುವುದು. ಕಳಸದಲ್ಲಿ ಹತ್ತರಲ್ಲಿ ಒಂಬತ್ತು ಒಟ್ಟಿಗೆ ನಿಲ್ಲಲು ಬೆಳಕೊಂದೇ ಕಾರಣ ಅಂತ ನನಗೆ ಅನಿಸುವುದಿಲ್ಲ.

ಬೆಳಕಿನ ಕೆಲಸ ಸುಳ್ಳೇನಲ್ಲ. ಹಕ್ಕಿಗಳಲ್ಲಿ ಬೆಳಕು ಕಣ್ಣಿನಿಂದ ಮಾತ್ರ ಅಲ್ಲ, ತಲೆಬುರುಡೆಯ ಮೂಲಕವೂ ಮಿದುಳಿಗೆ ತಲುಪಿ ಹಾರ್ಮೋನು ಎಬ್ಬಿಸುತ್ತದೆ. ಇದನ್ನು 1930ರ ದಶಕದಲ್ಲಿ ಫ್ರಾನ್ಸಿನ ಜಾಕ್ ಬೆನ್ವಾ ತೋರಿಸಿಕೊಟ್ಟದ್ದು ಬಾತುಕೋಳಿಗಳ ಮೇಲೇ ಪ್ರಯೋಗ ಮಾಡಿ. ಹಾಗಾಗಿ ಬಲ್ಬ್ ಹಾಕುವವರು ಕೆಲವು ವಿಷಯ ತಿಳಿದಿರಲಿ.

ಬೆಳಕು ಬೆಳಗಿನ ಕಡೆ ಸೇರಿಸಿ, ಸಂಜೆ ಕಡೆ ಬೇಡ. ಸಂಜೆ ಬಲ್ಬ್ ಫಕ್ಕನೆ ಆರಿದರೆ ಬಾತುಗಳು ಗಾಬರಿಯಾಗಿ ಒಂದರ ಮೇಲೊಂದು ಬೀಳುತ್ತವೆ. ಬೆಳಗಿನ ಜಾವ ನಾಲ್ಕೂವರೆಗೆ ಹತ್ತಿ, ಸೂರ್ಯ ಬಂದ ಮೇಲೆ ಆರಿದರೆ ತೊಂದರೆ ಇಲ್ಲ. ಒಂದೇ ದಿನ ಮೂರು ಗಂಟೆ ಸೇರಿಸಬೇಡಿ, ವಾರಕ್ಕೆ ಅರ್ಧರ್ಧ ಗಂಟೆ ಹೆಚ್ಚಿಸಿ. ಟೈಮರ್ ಇಲ್ಲದಿದ್ದರೆ ಶುರು ಮಾಡಲೇಬೇಡಿ. ಇವತ್ತು ಹಾಕಿ ನಾಳೆ ಮರೆತರೆ ಇಡುವವೂ ನಿಲ್ಲಿಸುತ್ತವೆ. ತುಂಬಾ ಪ್ರಖರ ಬೇಡ, ಒಳಗೆ ಪೇಪರ್ ಓದುವಷ್ಟು ಬೆಳಕು ಸಾಕು.

ಚಳಿ ಬಗ್ಗೆ ಹೇಳುವುದಾದರೆ, ಇಲ್ಲಿ ಮೈನಸ್ ಹದಿನೈದಕ್ಕೂ ನನ್ನ ಬಾತುಗಳು ಹಿಮದ ಮೇಲೆ ಓಡಾಡುತ್ತವೆ. ಕಾಲಿಗೆ ಇಳಿಯುವ ಬಿಸಿ ರಕ್ತ, ವಾಪಸ್ ಬರುವ ತಣ್ಣನೆ ರಕ್ತ ಅಕ್ಕಪಕ್ಕದ ನಾಳಗಳಲ್ಲಿ ಹರಿಯುವುದರಿಂದ ದೇಹದ ಶಾಖ ಪಾದದಲ್ಲಿ ಪೋಲಾಗುವುದಿಲ್ಲ. ನಮ್ಮ ಕಷ್ಟ ಬೇರೆ. ನೀರು ಗಟ್ಟಿಯಾಗುತ್ತದೆ, ರಬ್ಬರ್ ಟಬ್ಬನ್ನು ಬೋರಲು ಹಾಕಿ ತುಳಿದು ಐಸ್ ಉದುರಿಸಿ ಬಿಸಿನೀರು ಹಾಕಬೇಕು. ಮೊಟ್ಟೆಯನ್ನು ಬೇಗ ಎತ್ತದಿದ್ದರೆ ಒಳಗೇ ಹೆಪ್ಪುಗಟ್ಟಿ ಸೀಳುತ್ತದೆ. ಬಿಸಿಗೆಂದು ಹೀಟ್ ಲ್ಯಾಂಪ್ ಹಾಕಿ ಗೂಡು ಸುಟ್ಟುಕೊಂಡವರು ಇಲ್ಲಿ ಇದ್ದಾರೆ. ಕಳಸದ ಚಳಿಗೆ ಅದನ್ನು ಯೋಚಿಸಲೂ ಬೇಡಿ.

ಉಡುಪಿ_ಬೈಲು

ನಮ್ಮಲ್ಲಿ ಚಳಿಯೇ ಇಲ್ಲ ಮಾರಾಯ್ರೆ, ಡಿಸೆಂಬರಿನಲ್ಲೂ ಫ್ಯಾನ್ ಬೇಕು. ಆದರೂ ಮೊಟ್ಟೆ ಕಡಿಮೆ ಆಗುತ್ತದೆ. ಅಂದ ಮೇಲೆ ಚಳಿಯ ತಪ್ಪು ಅಂತ ಹೇಗೆ ಹೇಳುವುದು?

ಊಟ ಬದಲಾಗಿಲ್ಲ ಅಂದಿರಲ್ಲ ಅಕ್ಕ, ಅಲ್ಲೇ ಇರುವುದು ವಿಷಯ. ನೀವು ಕೊಡುವ ಊಟ ಬದಲಾಗಿಲ್ಲ, ಅವು ಹುಡುಕಿ ತಿನ್ನುವ ಊಟ ಬದಲಾಗಿದೆ. ಜೂನಿನಿಂದ ಅಕ್ಟೋಬರ್‌ವರೆಗೆ ಗದ್ದೆಯಲ್ಲಿ ನೀರು. ಬಸವನಹುಳು, ಎರೆಹುಳು, ಸಣ್ಣ ಮೀನು, ಕಪ್ಪೆಮರಿ, ಏಡಿಮರಿ, ಏನುಂಟು ಏನಿಲ್ಲ! ನಿಮ್ಮ ತೌಡು ನುಚ್ಚು ಬರೀ ಹೊಟ್ಟೆ ತುಂಬಲು ಇತ್ತು, ಮೊಟ್ಟೆಗೆ ಬೇಕಾದ್ದನ್ನು ಗದ್ದೆ ಕೊಡುತ್ತಿತ್ತು. ಕೊಯ್ಲಾಗಿ ನೀರು ಇಂಗಿತು, ಹುಳ ಹೋಯಿತು. ಈಗ ಸಿಗುವುದು ಉದುರಿದ ಭತ್ತ. ಬಾತು ದಪ್ಪ ಆಗುತ್ತದೆ, ಮೊಟ್ಟೆ ಬರುವುದಿಲ್ಲ.

ನಾವು ಮೀನು ಮಾರ್ಕೆಟಿನಿಂದ ತಲೆ, ಕರುಳು ತಂದು ಬೇಯಿಸಿ ತೌಡಿಗೆ ಕಲಸುತ್ತೇವೆ. ಮೊಟ್ಟೆಯ ಚಿಪ್ಪು ಗಟ್ಟಿಯಾಗಲು ಮರುವಾಯಿ (ಕಪ್ಪೆಚಿಪ್ಪು) ಕುಟ್ಟಿ ಒಂದು ಕರಟದಲ್ಲಿ ಇಟ್ಟುಬಿಡುವುದು. ಬೇಕಾದಷ್ಟು ಅವೇ ತಿನ್ನುತ್ತವೆ. ಘಟ್ಟದ ಮೇಲೆ ಒಣಮೀನು ಹಾಕುವುದಾದರೆ ಉಪ್ಪು ಹಾಕದ್ದು ನೋಡಿ ತನ್ನಿ. ಉಪ್ಪುಮೀನು ಜಾಸ್ತಿ ಆದರೆ ಬಾತು ತಡೆಯುವುದಿಲ್ಲ, ಸಾಯಲೂಬಹುದು.

ನಿವೃತ್ತ_ಪಶುವೈದ್ಯ

ಉಡುಪಿಯವರು ಹೇಳಿದ್ದು ಸರಿ. ಇಡುವ ಬಾತಿಗೆ ಆಹಾರದಲ್ಲಿ ಶೇ. 16ರಿಂದ 18 ಪ್ರೋಟೀನ್, ಶೇ. 3ರಷ್ಟು ಕ್ಯಾಲ್ಸಿಯಂ ಬೇಕು. ಅನ್ನ, ನುಚ್ಚಿನಲ್ಲಿ ಇದರ ಅರ್ಧ ಪ್ರೋಟೀನೂ ಇಲ್ಲ. ತೌಡು ಸ್ವಲ್ಪ ಮೇಲು. ಗದ್ದೆ ಒಣಗಿರುವ ತಿಂಗಳುಗಳಲ್ಲಿ ಲೇಯರ್ ಮ್ಯಾಶ್, ಅಂದರೆ ಮೊಟ್ಟೆ ಇಡುವ ಕೋಳಿಗೆಂದು ಅಂಗಡಿಯಲ್ಲಿ ಸಿಗುವ ಹಿಟ್ಟು, ತರುವುದೇ ಸುಲಭ. ಪೂರ್ತಿ ಅದರ ಮೇಲೇ ಸಾಕಿದರೆ ಒಂದಕ್ಕೆ ದಿನಕ್ಕೆ 120ರಿಂದ 150 ಗ್ರಾಂ ಬೇಕಾಗುತ್ತದೆ. ಹೊರಗೆ ಮೇಯುವುದಕ್ಕೆ ಅದರಲ್ಲಿ ಅರ್ಧ ಕೊಟ್ಟು ನೋಡಿ. ನೀರು ಹಾಕಿ ಉಂಡೆ ಕಟ್ಟುವಷ್ಟು ಕಲಸಿ. ಒಣಹಿಟ್ಟು ಕೊಕ್ಕಿಗೆ ಮೆತ್ತಿಕೊಳ್ಳುತ್ತದೆ, ಅದನ್ನು ತೊಳೆಯಲು ನೀರಿಗೆ ಓಡುತ್ತವೆ, ಅರ್ಧ ಆಹಾರ ನೀರಿಗೆ ಹೋಗುತ್ತದೆ. ಕಲಸಿದ್ದು ಅರ್ಧ ಗಂಟೆಯಲ್ಲಿ ಖಾಲಿಯಾಗಬೇಕು. ಉಳಿದರೆ ಎಸೆಯಿರಿ, ಸಂಜೆಗೆ ಇಡಬೇಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ ಬೂಷ್ಟು. ಮಲೆನಾಡಿನಲ್ಲಿ ಹಿಂಡಿ, ಮೆಕ್ಕೆಜೋಳ ಚೀಲದಲ್ಲೇ ಬೂಷ್ಟು ಹಿಡಿಯುತ್ತದೆ. ಅದರಲ್ಲಿ ಬೆಳೆಯುವ ಅಫ್ಲಾಟಾಕ್ಸಿನ್ ವಿಷ ಕೋಳಿಗಿಂತ ಬಾತಿಗೆ ಬಹಳ ಬೇಗ ತಾಗುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತು, ಕಾರಣ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬ್ರೆಜಿಲಿನಿಂದ ಬಂದ ಕಡಲೆಕಾಯಿ ಹಿಂಡಿ. ಆಗ ಬಾತುಮರಿಗಳೂ ಸತ್ತಿದ್ದವು. ಈ ವಿಷ ಪತ್ತೆಯಾದದ್ದೇ ಹಾಗೆ. ವಿಷ ಸ್ವಲ್ಪವೇ ಇದ್ದರೆ ಬಾತು ಸಾಯುವುದಿಲ್ಲ, ಮೊಟ್ಟೆ ಕಡಿಮೆಯಾಗುತ್ತದೆ, ಮಂಕಾಗುತ್ತದೆ. ಜನ ಚಳಿ ಅಂದುಕೊಳ್ಳುತ್ತಾರೆ. ಬೂಷ್ಟು ವಾಸನೆ ಬಂದ ಚೀಲವನ್ನು ಬಿಸಿಲಿಗೆ ಹಾಕಿದರೆ ವಿಷ ಹೋಗುತ್ತದೆ ಅಂತ ನಂಬಬೇಡಿ. ದನಕ್ಕೂ ಹಾಕಬೇಡಿ. ಕಡಲೆಕಾಯಿ ಹಿಂಡಿಯ ಬದಲು ಸೋಯಾ ಹಿಂಡಿ ಒಳ್ಳೆಯದು.

ಇನ್ನು ಪುಕ್ಕ. ಗೂಡಿನಲ್ಲಿ, ಅಂಗಳದಲ್ಲಿ ಗರಿ ಉದುರುತ್ತಿದೆಯೇ? ವರ್ಷ ದಾಟಿದ ಬಾತುಗಳು ಹಳೆ ಪುಕ್ಕ ಕಳಚಿ ಹೊಸದು ಹಾಕಿಕೊಳ್ಳುವಾಗ ಮೊಟ್ಟೆ ನಿಲ್ಲಿಸುತ್ತವೆ. ಪುಕ್ಕ ಅಂದರೆ ಬಹುಪಾಲು ಪ್ರೋಟೀನ್. ಮೊಟ್ಟೆಗೂ ಅದೇ ಬೇಕು, ಎರಡೂ ಒಟ್ಟಿಗೆ ನಡೆಯುವುದಿಲ್ಲ. ಆರರಿಂದ ಎಂಟು ವಾರ ಹಿಡಿಯಬಹುದು. ಆ ಹೊತ್ತಿನಲ್ಲಿ ಬಲ್ಬ್ ಹಾಕಿ ಒತ್ತಾಯ ಮಾಡಬೇಡಿ. ಒಳ್ಳೆ ಆಹಾರ ಕೊಟ್ಟು ಸುಮ್ಮನಿರಿ.

ಗಂಗಾವತಿ_ಭತ್ತ

ನಮ್ಮ ಕಡೆ ಭತ್ತ ಕೊಯ್ದ ಮೇಲೆ ಹೊರಗಿನಿಂದ ಬಾತು ಮೇಯಿಸುವವರು ಬರುತ್ತಾರೆ ರೀ. ಸಾವಿರಗಟ್ಟಲೆ ಹಕ್ಕಿ. ಅವರು ಬಲ್ಬ್ ಎಲ್ಲಿಂದ ತಂದಾರು? ರಾತ್ರಿ ಗದ್ದೆಯಲ್ಲೇ ಮೊಳಕಾಲೆತ್ತರದ ಬಲೆ ಸುತ್ತಿ ಒಳಗೆ ಕೂಡುತ್ತಾರೆ. ಬೆಳಿಗ್ಗೆ ತತ್ತಿ ಎಲ್ಲ ಆರಿಸಿಕೊಂಡ ಮೇಲೇ ಬಲೆ ತೆಗೆಯುವುದು. ಒಂದು ಕಡೆ ಮೇವು ತೀರಿದರೆ ನೀರಿರುವ ಇನ್ನೊಂದು ಕಡೆ ಹೊಡೆದುಕೊಂಡು ಹೋಗುತ್ತಾರೆ. ತೀರ್ಥಹಳ್ಳಿಯವರು, ಉಡುಪಿಯವರು ಹೇಳಿದ ಎರಡೂ ಮಾತು ಅವರ ಕಸುಬಿನಲ್ಲೇ ಇದೆ ನೋಡಿ.

ಮೈಸೂರು_ಹೊರವಲಯ

ಎಲ್ಲರೂ ಸೇರಿ ಬಲ್ಬನ್ನು ಹೊರಗೇ ಹಾಕಿಬಿಟ್ಟಿರಿ. ಹಾಗಾದರೆ ನನ್ನ ಬಾತುಗಳು ಜನವರಿಯಲ್ಲಿ ಇಡುವುದು ಹೇಗೆ?

ನ್ಯೂಹ್ಯಾಂಪ್‌ಶೈರ್_ಹಾಸನದವ

ನಿಮ್ಮ ಬಾತುಗಳಿಗೆ ವಯಸ್ಸೆಷ್ಟು ಸರ್? ಏನು ಹಾಕುತ್ತೀರಿ?

ಮೈಸೂರು_ಹೊರವಲಯ

ಮೇ ತಿಂಗಳಲ್ಲಿ ಮರಿ ತಂದದ್ದು. ಅಂಗಡಿ ಲೇಯರ್ ಫೀಡ್.

ತೀರ್ಥಹಳ್ಳಿ_ಗದ್ದೆಮನೆ

ಸಿಕ್ಕಿತು ಉತ್ತರ. ಮೇ ಮರಿ ಅಂದರೆ ಅಕ್ಟೋಬರ್, ನವೆಂಬರಿಗೆ ಮೊದಲ ಮೊಟ್ಟೆ. ಖಾಕಿ ಕ್ಯಾಂಪ್‌ಬೆಲ್ ಐದಾರು ತಿಂಗಳಿಗೆ ಶುರು ಮಾಡುತ್ತದೆ. ಹೊಸದಾಗಿ ಶುರುವಾದ ಹೆಣ್ಣು ಮೊದಲ ಚಳಿಗಾಲದಲ್ಲಿ ಪುಕ್ಕ ಕಳಚುವುದಿಲ್ಲ, ಹೊಟ್ಟೆಗೆ ಸರಿಯಾಗಿ ಬಿದ್ದರೆ ಬಲ್ಬ್ ಇಲ್ಲದೆಯೂ ಇಡುತ್ತದೆ. ನಿಮ್ಮ ಎಲ್‌ಇಡಿ ಕೆಡುಕೇನೂ ಮಾಡಿಲ್ಲ. ಆದರೆ ಹೆಸರು ಅದಕ್ಕೆ ಹೋಗಬಾರದು.

ನಾನು ಚಳಿಗಾಲದ ಮೊಟ್ಟೆಗೆ ಬಲ್ಬನ್ನು ನಂಬುವುದಕ್ಕಿಂತ ಮರಿ ತರುವ ತಿಂಗಳನ್ನು ನಂಬುತ್ತೇನೆ. ಪ್ರತಿ ವರ್ಷ ಮೇ, ಜೂನಿನಲ್ಲಿ ನಾಲ್ಕೈದು ಹೆಣ್ಣುಮರಿ ಸೇರಿಸಿ. ಹಳೆಯವು ಪುಕ್ಕ ಕಳಚುವಾಗ ಹೊಸವು ಇಡುತ್ತವೆ, ಸಂಕ್ರಾಂತಿ ಆದ ಮೇಲೆ ಹಳೆಯವು ಮತ್ತೆ ಶುರು ಮಾಡುತ್ತವೆ. ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕುಕ್ಕುಟ ಸಂಸ್ಥೆ ಇದೆ, ಅಲ್ಲಿ ಖಾಕಿ ಕ್ಯಾಂಪ್‌ಬೆಲ್ ಸಾಕುತ್ತಾರೆ. ಮರಿ ಬೇಕಾದರೆ ಮೊದಲೇ ವಿಚಾರಿಸಿಕೊಂಡು ಹೋಗಿ. ಮನೆಯಲ್ಲೇ ಮರಿ ಮಾಡಿಸುವುದಾದರೆ ಕ್ಯಾಂಪ್‌ಬೆಲ್ ಕಾವಿಗೆ ಕೂರುವ ಜಾತಿ ಅಲ್ಲ. ನಾಟಿ ಹೇಂಟೆ ಕಾವಿಗೆ ಬಂದಾಗ ಅದರ ಕೆಳಗೆ ಇಡಿ. 28 ದಿನ. ಮರಿಗಳು ನೀರಿಗಿಳಿದಾಗ ಆ ಹೇಂಟೆ ದಡದಲ್ಲಿ ಪಡುವ ಪಾಡು ನೋಡಲು ಎರಡು ಕಣ್ಣು ಸಾಲದು.

ಕಳಸದ_ಹಿತ್ತಲು

ಎಲ್ಲರ ಮಾತೂ ಸ್ವಲ್ಪ ಸ್ವಲ್ಪ ನಿಜವಾಯಿತು. ಬಾಳೆ ಬುಡದಲ್ಲಿ ಒಂದು ಗೂಡು ಸಿಕ್ಕಿತು, ತರಗಿನ ಕೆಳಗೆ ಒಂದು ಬುಟ್ಟಿ ಆಗುವಷ್ಟು ಮೊಟ್ಟೆ. ಪಕ್ಕದಲ್ಲಿ ಒಡೆದ ಚಿಪ್ಪೂ ಬಿದ್ದಿತ್ತು, ಮುಂಗುಸಿಗೂ ಪಾಲು ಹೋಗಿದೆ. ಬಾಗಿಲು ಒಂಬತ್ತೂವರೆಗೆ ತೆಗೆಯಲು ಶುರು ಮಾಡಿದ ಮೇಲೆ ಗೂಡಿನಲ್ಲೇ ದಿನಾ ಮೂರು ನಾಲ್ಕು ಸಿಗುತ್ತಿವೆ.

ಮೂಳೆ ಮುಟ್ಟಿ ನೋಡಿದೆವು. ನಾಟಿ ಬಾತುಗಳಲ್ಲಿ ನಾಲ್ಕು ಪೂರ್ತಿ ಬಿಗಿ. ಅವುಗಳ ಕುತ್ತಿಗೆಯಲ್ಲಿ ಹೊಸ ಗರಿ ಮುಳ್ಳಿನ ಹಾಗೆ ಮೊಳೆತಿದೆ, ಮುಟ್ಟಿದರೆ ಕೈಗೆ ಚುಚ್ಚುತ್ತದೆ. ಅಂದರೆ ಪುಕ್ಕದ ಕೆಲಸ ನಡೆದಿದೆ ಅಲ್ವಾ? ಈಗ ಎರಡು ಪ್ರಶ್ನೆ. ಸಿಕ್ಕಿದ ಹಳೆ ಮೊಟ್ಟೆ ಏನು ಮಾಡಲಿ? ನೀರಿನ ಹೊಂಡ ಇಲ್ಲದೆ ಈ ನಾಲ್ಕು ತಿಂಗಳು ನಡೆಯುತ್ತದಾ? ಗದ್ದೆ ಪಕ್ಕದ ಹಳ್ಳ ಬತ್ತುತ್ತಾ ಬಂದಿದೆ. ಕೆರೆಗೆ ಹೊಡೆಯೋಣವಾ ಅಂತ ಯೋಚನೆ.

ನಿವೃತ್ತ_ಪಶುವೈದ್ಯ

ಹಳೆ ಮೊಟ್ಟೆ ಯಾವಾಗ ಇಟ್ಟದ್ದು ಅಂತ ಗೊತ್ತಿಲ್ಲದಿದ್ದರೆ ತಿನ್ನಬೇಡಿ, ಮಾರಬೇಡಿ. ನೀರಲ್ಲಿ ಮುಳುಗುತ್ತದೆ, ತೇಲುತ್ತದೆ ಅಂತ ನೋಡುವ ಪದ್ಧತಿ ವಯಸ್ಸು ಅಂದಾಜು ಮಾಡಲು ಮಾತ್ರ. ಒಳಗೆ ರೋಗಾಣು ಇದೆಯೇ ಅಂತ ಅದು ಹೇಳುವುದಿಲ್ಲ. ಗುಂಡಿ ತೆಗೆದು ಹೂಳಿ, ಹತ್ತಿರದಲ್ಲಿ ಎಸೆದರೆ ಮುಂಗುಸಿ ದಿನಾ ಬರುತ್ತದೆ.

ಈಜಲು ಹೊಂಡ ಇಲ್ಲದಿದ್ದರೂ ಮೊಟ್ಟೆ ಇಡುತ್ತವೆ. ಆದರೆ ತಲೆ ಪೂರ್ತಿ ಮುಳುಗುವಷ್ಟು ನೀರು ಬೇಕೇ ಬೇಕು, ಐದಾರು ಇಂಚು ಆಳ. ಮೂಗಿನ ತೂತು, ಕಣ್ಣು ತೊಳೆದುಕೊಳ್ಳದಿದ್ದರೆ ಕಣ್ಣಿಗೆ ಪಿಸುರು ಕಟ್ಟುತ್ತದೆ. ಸಿಮೆಂಟ್ ತೊಟ್ಟಿ, ಹಳೆ ಟಬ್ಬು, ಏನಾದರೂ ಸರಿ. ನೀರು ದಿನಾ ಬದಲಿಸಿ. ಆ ನೀರನ್ನು ತೆಂಗಿಗೋ ಬಾಳೆಗೋ ಬಿಡಿ, ಗೊಬ್ಬರದ ನೀರು ಅದು.

ಕೆರೆಗೆ ಈ ತಿಂಗಳುಗಳಲ್ಲಿ ಹೊಡೆಯಬೇಡಿ. ನವೆಂಬರಿನಿಂದ ಮಾರ್ಚ್‌ವರೆಗೆ ವಲಸೆ ಹಕ್ಕಿಗಳು ಬರುತ್ತವೆ. ಗದಗದ ಮಾಗಡಿ ಕೆರೆಗೆ ಮಂಗೋಲಿಯಾ ಕಡೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುವುದು ಇದೇ ಕಾಲದಲ್ಲಿ. ಕಾಡುಬಾತುಗಳು ಹಕ್ಕಿಜ್ವರದ ವೈರಸ್ ಹೊತ್ತು ತರಬಹುದು. ಕೇರಳದ ಕುಟ್ಟನಾಡಿನ ಬಾತುಗಳಲ್ಲಿ ಹಕ್ಕಿಜ್ವರ ಕಂಡದ್ದು 2014ರ ನವೆಂಬರಿನಲ್ಲಿ, ಮತ್ತೆ 2021ರ ಜನವರಿಯಲ್ಲಿ. ಎರಡೂ ಚಳಿಗಾಲವೇ. ಮೊಟ್ಟೆ ಇದ್ದಕ್ಕಿದ್ದಂತೆ ನಿಂತು, ಕತ್ತು ತಿರುಚುವುದು, ಕಣ್ಣು ಬಿಳಿಯಾಗುವುದು, ಎರಡು ಮೂರು ಒಟ್ಟಿಗೆ ಸಾಯುವುದು ಕಂಡರೆ ಕೈಯಿಂದ ಮುಟ್ಟದೆ ಹತ್ತಿರದ ಪಶು ಆಸ್ಪತ್ರೆಗೆ ಹೇಳಿ. ಇದನ್ನು ಮಾತ್ರ ಮನೆಮದ್ದಿಗೆ ಬಿಡಬೇಡಿ.

ಉಡುಪಿ_ಬೈಲು

ತೊಟ್ಟಿ ಗೂಡಿನ ಒಳಗೆ ಇಡಬೇಡಿ ಅಕ್ಕ. ರಾತ್ರಿಯೆಲ್ಲ ಚೆಲ್ಲಿ ಗೂಡು ಒದ್ದೆ ಮಾಡುತ್ತವೆ. ಮಂಜಿನ ಊರಿನಲ್ಲಿ ಒದ್ದೆ ಹಾಸು, ಮೇಲಿಂದ ಗಾಳಿ ಇಲ್ಲದ ಗೂಡು, ಇವೆರಡೂ ಸೇರಿದರೆ ಚಳಿಗಿಂತ ಕೆಟ್ಟದ್ದು. ಒಳಗೆ ಕುಡಿಯಲು ಮಾತ್ರ ಕಿರಿದಾದ ಬಾಯಿಯ ಪಾತ್ರೆ ಸಾಕು. ಕೆಳಗೆ ಗಾಳಿ ನುಗ್ಗದ ಹಾಗೆ ಹಲಗೆ, ಮೇಲೆ ಜಾಲರಿ.

ಕಳಸದ_ಹಿತ್ತಲು

ಸರಿ, ತೊಟ್ಟಿ ಅಂಗಳದಲ್ಲೇ ಇಡುತ್ತೇನೆ. ನೀರಿನ ಮೇಲೆ ತೇಲುವ ಸಣ್ಣ ಗಿಡ ಅಜೋಲ್ಲಾ ಬೆಳೆಸಿದರೆ ಹಿಂಡಿ ಉಳಿಯುತ್ತದಾ?

ತೀರ್ಥಹಳ್ಳಿ_ಗದ್ದೆಮನೆ

ಸ್ವಲ್ಪ ಉಳಿಯುತ್ತದೆ, ಪೂರ್ತಿ ಅಲ್ಲ. ಒಣಗಿಸಿ ತೂಗಿದಾಗ ಅದರಲ್ಲಿ ಶೇ. 20 ದಾಟಿ ಪ್ರೋಟೀನ್ ಇದೆ ಅನ್ನುತ್ತಾರೆ, ಸರಿ. ಆದರೆ ಹಸಿ ಅಜೋಲ್ಲಾದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು. ಸೊಪ್ಪಿನ ಹಾಗೆ ಕೊಡಿ, ಊಟದ ಬದಲು ಅಲ್ಲ. ಹಳದಿ ಭಂಡಾರ ಒಳ್ಳೆ ಕೆಂಪಗಾಗುತ್ತದೆ. ಗಿರಾಕಿ ಖುಷಿ.

ಮೈಸೂರು_ಹೊರವಲಯ

ಗಿರಾಕಿ ಅಂದಾಗ ನೆನಪಾಯಿತು. ನಮ್ಮಲ್ಲಿ ಬಾತುಮೊಟ್ಟೆ ಕೇಳಿಕೊಂಡು ಬರುವವರಲ್ಲಿ ಅರ್ಧ ಜನ ಮೂಲವ್ಯಾಧಿಗೆ ಅಂತಲೇ ಬರುತ್ತಾರೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಸಿ ಮೊಟ್ಟೆ ಕುಡಿಯುತ್ತಾರಂತೆ. ಡಾಕ್ಟ್ರೇ, ಇದರಲ್ಲಿ ಏನಾದರೂ ಇದೆಯಾ?

ನಿವೃತ್ತ_ಪಶುವೈದ್ಯ

ನಾನು ದನದ ಡಾಕ್ಟ್ರು, ಮೂಲವ್ಯಾಧಿಗೆ ಅವರು ಮನುಷ್ಯರ ಡಾಕ್ಟ್ರ ಹತ್ತಿರ ಹೋಗಲಿ. ಆದರೆ ಹಸಿಯಾಗಿ ಕುಡಿಯಲು ಮಾತ್ರ ಕೊಡಬೇಡಿ. ಬಾತು ಕೆಸರಿನಲ್ಲಿ ಓಡಾಡುವ ಹಕ್ಕಿ, ಅದರ ಮೊಟ್ಟೆಯಿಂದ ಸಾಲ್ಮೊನೆಲ್ಲಾ ಎಂಬ ರೋಗಾಣು ಬರುವುದು ಹೊಸ ವಿಷಯ ಅಲ್ಲ. ಹಳದಿಯೂ ಗಟ್ಟಿಯಾಗುವವರೆಗೆ ಬೇಯಿಸಿ ತಿನ್ನಲು ಹೇಳಿ, ಕೊಡುವಾಗಲೇ ಹೇಳಿ. ಕೊಳಕಾದ ಮೊಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿಡಬೇಡಿ, ಕೊಳೆ ಒಳಗೆ ಎಳೆದುಕೊಳ್ಳುತ್ತದೆ. ಒಣಬಟ್ಟೆಯಲ್ಲಿ ಒರೆಸಿ. ಹೊಟ್ಟು ವಾರಕ್ಕೆರಡು ಸಲ ಬದಲಿಸಿದರೆ ಒರೆಸುವ ಕೆಲಸವೂ ಇರುವುದಿಲ್ಲ.